ಲಿಂಕ್ ನಿಮ್ಮದು, ಕಿಟಕಿ ಅವರದು

ಹಾಸನದಲ್ಲಿ ಪಿಯುಸಿ ಓದುತ್ತಿರುವ ನನ್ನ ತಂಗಿ ಒಂದು ರಾತ್ರಿ ಹತ್ತೂವರೆಗೆ ಫೋನ್ ಮಾಡಿದಳು. ದನಿಯಲ್ಲಿ ಅಳು ಇತ್ತು.

“ಅಣ್ಣ, ಸ್ಕಾಲರ್‌ಶಿಪ್ ಫಾರಂ ಮುಕ್ಕಾಲು ತುಂಬಿದ್ದೆ ಕಣೋ. ಮಧ್ಯದಲ್ಲಿ ಅಮ್ಮ ಫೋನ್ ಮಾಡಿದ್ಲು. ಮಾತಾಡಿ ವಾಪಸ್ ಬಂದ್ರೆ ರೀಲ್ಸ್ ಓಡ್ತಾ ಇದೆ. ಫಾರಂ ಎಲ್ಲೂ ಇಲ್ಲ.”

“ಕ್ರೋಮ್ ತೆಗೆದು ಹಿಸ್ಟರಿ ನೋಡು.”

“ನೋಡ್ದೆ. ಅದ್ರಲ್ಲಿ ಏನೂ ಇಲ್ಲ.”

ಇರೋದಿಲ್ಲ. ಯಾಕಂದ್ರೆ ಅವಳು ಕ್ರೋಮಿಗೆ ಹೋಗಿಯೇ ಇರಲಿಲ್ಲ. ವಿದ್ಯಾರ್ಥಿವೇತನಗಳ ಬಗ್ಗೆ ಮಾಹಿತಿ ಹಾಕುವ ಒಂದು ಇನ್‌ಸ್ಟಾಗ್ರಾಂ ಪೇಜಿನ ಬಯೋದಲ್ಲಿದ್ದ ಲಿಂಕ್ ಒತ್ತಿದ್ದಾಳೆ. ಪುಟ ತೆರೆದುಕೊಂಡಿದೆ. ಅಸಲಿ ಸರ್ಕಾರಿ ಪುಟವೇ, ಮೋಸ ಏನಿಲ್ಲ. ಹೆಸರು, ಜಾತಿ, ಅಪ್ಪನ ಆದಾಯ, ಆಧಾರ್ ನಂಬರು, ಬ್ಯಾಂಕ್ ಖಾತೆ, ಎಲ್ಲವನ್ನೂ ಕೂತು ಟೈಪ್ ಮಾಡಿದ್ದಾಳೆ. ಅಷ್ಟೂ ಹೊತ್ತು ಅವಳು ಇದ್ದದ್ದು ಇನ್‌ಸ್ಟಾಗ್ರಾಂ ಒಳಗೇ. ಮೇಲಿದ್ದ ಪಟ್ಟಿಯಲ್ಲಿ ಸರ್ಕಾರಿ ಪೋರ್ಟಲ್ಲಿನ ವಿಳಾಸ ಕಾಣ್ತಿತ್ತು, ಪಕ್ಕದಲ್ಲಿ ಬೀಗದ ಚಿಹ್ನೆಯೂ ಇತ್ತು. “ಅದು ಕ್ರೋಮ್ ಅಲ್ವಾ?” ಅಂದಳು.

ಈ ಪ್ರಶ್ನೆ ಹದಿನೇಳು ವರ್ಷದ ಹುಡುಗಿಯದ್ದು ಮಾತ್ರ ಅಲ್ಲ. ನನ್ನ ಜೊತೆ ಪತ್ರಿಕೋದ್ಯಮ ಓದಿದವರನ್ನು, ದಿನವಿಡೀ ಫೋನ್ ಹಿಡಿದು ಕೂರುವ ಗೆಳೆಯರನ್ನು, ಡೇಟಾ ಹಕ್ಕಿನ ಬಗ್ಗೆ ಭಾಷಣ ಮಾಡುವ ಒಬ್ಬ ಹಿರಿಯರನ್ನೂ ಕೇಳಿ ನೋಡಿದೆ. ಆಪ್ ಒಳಗೆ ತೆರೆದುಕೊಳ್ಳುವ ವೆಬ್ ಪುಟ ಯಾರ ಬ್ರೌಸರಿನಲ್ಲಿ ತೆರೆಯುತ್ತೆ ಅನ್ನೋದನ್ನ ಹೆಚ್ಚಿನವರು ಯೋಚಿಸಿಯೇ ಇರಲಿಲ್ಲ. ಯೋಚಿಸಬಾರದು ಅಂತಲೇ ಅದನ್ನು ಹಾಗೆ ಕಟ್ಟಿದ್ದಾರೆ. ಇದನ್ನು ಇಷ್ಟು ಖಚಿತವಾಗಿ ಹೇಳೋಕೆ ಕಾರಣ ಇದೆ. ಪತ್ರಿಕೆ ಕೆಲಸಕ್ಕೆ ಬರುವ ಮುಂಚೆ ಮೂರು ವರ್ಷ ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಆಂಡ್ರಾಯ್ಡ್ ಆಪ್‌ಗಳಿಗೆ ಕೋಡ್ ಬರೆಯುತ್ತಿದ್ದೆ. ನಾನೂ ಅಂಥದ್ದನ್ನು ಕಟ್ಟಿದ್ದೇನೆ. ಅದರ ವಿಷಯಕ್ಕೆ ಆಮೇಲೆ ಬರ್ತೀನಿ.

ಮೊದಲು ಈ ವಸ್ತು ಏನು ಅಂತ ನೋಡೋಣ. ಹೆಸರು ವೆಬ್‌ವ್ಯೂ. ಯಾವುದೇ ಆಪ್ ತನ್ನ ಪರದೆಯೊಳಗೆ ವೆಬ್ ಪುಟವನ್ನು ತೋರಿಸೋಕೆ ಬಳಸುವ ಒಂದು ಭಾಗ. ಆಂಡ್ರಾಯ್ಡ್‌ನಲ್ಲಿ ಮೊದಲ ಆವೃತ್ತಿಯಿಂದಲೂ ಇದೆ. ಐಫೋನಿನಲ್ಲೂ ಇದೆ, 2014ರಿಂದ ಅದನ್ನು ಡಬ್ಲ್ಯುಕೆವೆಬ್‌ವ್ಯೂ ಅಂತಾರೆ. ಇದರಲ್ಲಿ ಪಾಪದ್ದು ಏನೂ ಇಲ್ಲ. ಸಣ್ಣ ಪತ್ರಿಕೆಯೊಂದು ತನ್ನ ವೆಬ್‌ಸೈಟನ್ನೇ ಆಪ್ ಆಗಿ ಕೊಡಬೇಕು ಅಂದ್ರೆ, ಎರಡೆರಡು ತಂಡ ಇಟ್ಟುಕೊಳ್ಳೋಕೆ ದುಡ್ಡಿಲ್ಲದಾಗ, ವೆಬ್‌ವ್ಯೂ ಇಲ್ಲದೆ ಆಗೋದೇ ಇಲ್ಲ. ನಿಮ್ಮ ಫೋನಿನ ಅದೆಷ್ಟೋ ಆಪ್‌ಗಳಲ್ಲಿ ಷರತ್ತುಗಳ ಪುಟ, ಸಹಾಯದ ಪುಟ, ಪೇಮೆಂಟ್ ಪುಟ ಎಲ್ಲ ಇದರಲ್ಲೇ ಓಡ್ತಾವೆ. ಎಷ್ಟು ಆಳಕ್ಕೆ ಇಳಿದಿದೆ ಅಂದ್ರೆ, 2021ರ ಮಾರ್ಚ್‌ನಲ್ಲಿ ಆಂಡ್ರಾಯ್ಡ್ ವೆಬ್‌ವ್ಯೂನ ಒಂದು ಅಪ್‌ಡೇಟ್ ಕೆಟ್ಟು ಜಗತ್ತಿನಾದ್ಯಂತ ಜಿಮೇಲ್ ಸೇರಿದಂತೆ ಹಲವಾರು ಆಪ್‌ಗಳು ತೆರೆದ ಕೂಡಲೇ ಮುಚ್ಚಿಕೊಳ್ಳತೊಡಗಿದವು. ಆ ಹೆಸರಿನದ್ದೊಂದು ತಮ್ಮ ಫೋನಿನಲ್ಲಿದೆ ಅಂತ ಎಷ್ಟೋ ಜನಕ್ಕೆ ಗೊತ್ತಾಗಿದ್ದೇ ಅವತ್ತು.

ತಕರಾರು ಶುರುವಾಗೋದು ಆಪ್ ತನ್ನ ಪುಟ ಬಿಟ್ಟು ಬೇರೆಯವರ ಪುಟವನ್ನು ಒಳಗೆ ತೋರಿಸಿದಾಗ.

ಹಿಂದೆ ನಮ್ಮೂರಲ್ಲಿ ಅಕ್ಷರ ಬಾರದವರಿಗೆ ಕಾಗದ ಓದಿ ಹೇಳುವವರು ಒಬ್ಬರಿದ್ದರು. ಬಾಂಬೆಯಿಂದ ಮಗ ಬರೆದ ಕಾಗದವನ್ನು ಅಜ್ಜಿ ಅವರ ಕೈಗೆ ಕೊಡೋಳು, ಅವರು ಓದೋರು. ಲಕೋಟೆ ಅಂಟಿಸಿಯೇ ಬಂದಿರುತ್ತಿತ್ತು, ದಾರಿಯಲ್ಲಿ ಯಾರೂ ಒಡೆದಿರುತ್ತಿರಲಿಲ್ಲ. ಆದರೂ ಆ ಮನೆಯ ಸಾಲ ಎಷ್ಟು, ಸೊಸೆ ಯಾಕೆ ತವರಿಗೆ ಹೋದಳು, ಎಲ್ಲವೂ ಓದಿ ಹೇಳುವವರಿಗೆ ಗೊತ್ತು. ಬೇಕೆಂದರೆ ಒಂದು ಸಾಲು ಬಿಟ್ಟು ಓದಬಹುದು, ಇಲ್ಲದ ಒಂದು ಸಾಲು ಸೇರಿಸಲೂಬಹುದು. ವೆಬ್‌ವ್ಯೂ ಈ ಕೆಲಸದ್ದು. ಬೀಗದ ಚಿಹ್ನೆ ಹೇಳೋದು ಲಕೋಟೆ ದಾರಿಯಲ್ಲಿ ಒಡೆದಿಲ್ಲ ಅಂತ ಮಾತ್ರ. ಲಕೋಟೆ ಒಡೆದು ಓದುವವರು ಯಾರು ಅಂತ ಅದು ಹೇಳಲ್ಲ. ಕ್ರೋಮ್, ಫೈರ್‌ಫಾಕ್ಸ್, ಸಫಾರಿಗಳೂ ಓದುವವರೇ, ಗೂಗಲ್ ಏನು ಸನ್ಯಾಸಿಯಲ್ಲ. ಆದರೆ ಅವನ್ನು ನೀವು ಆರಿಸಿಕೊಂಡಿರುತ್ತೀರಿ, ಬೇಡವಾದರೆ ಬದಲಿಸಬಹುದು, ಅದರಲ್ಲಿ ಜಾಹೀರಾತು ತಡೆಯುವ ಏರ್ಪಾಡು ಹಾಕಿಕೊಳ್ಳಬಹುದು, ಕುಕಿಗಳನ್ನು ಅಳಿಸಬಹುದು. ಆಪ್ ಒಳಗಿನ ಕಿಟಕಿಗೆ ಇದ್ಯಾವುದೂ ಅನ್ವಯಿಸಲ್ಲ.

ತಾಂತ್ರಿಕವಾಗಿ ಹೇಳೋದಾದ್ರೆ, ವೆಬ್‌ವ್ಯೂ ಇಟ್ಟುಕೊಂಡ ಆಪ್ ಅದರೊಳಗೆ ತೆರೆದ ಯಾವುದೇ ಪುಟಕ್ಕೆ ತನ್ನ ಜಾವಾಸ್ಕ್ರಿಪ್ಟ್ ಕೋಡನ್ನು ತೂರಿಸಬಹುದು. ಪುಟ ಬ್ಯಾಂಕಿನದ್ದಾಗಿರಲಿ, ಆಸ್ಪತ್ರೆಯದ್ದಾಗಿರಲಿ. ಆಂಡ್ರಾಯ್ಡ್‌ನಲ್ಲಿ ಇದಕ್ಕೆ ಬೇಕಿರೋದು ಒಂದೇ ಸಾಲು. ಇನ್ನೊಂದು ಸಾಲು ಬರೆದರೆ ಆ ಪುಟದಲ್ಲಿ ಸಿಕ್ಕ ಮಾಹಿತಿಯನ್ನು ಆಪ್‌ಗೆ ಸಾಗಿಸುವ ಸೇತುವೆಯೂ ಸಿದ್ಧ. ಬಳಕೆದಾರರ ಅನುಮತಿ ಕೇಳುವ ಪೆಟ್ಟಿಗೆ ಬರಲ್ಲ. ಕ್ಯಾಮೆರಾ ಬೇಕು, ಲೊಕೇಶನ್ ಬೇಕು ಅಂದ್ರೆ ಫೋನು ನಿಮ್ಮನ್ನು ಕೇಳುತ್ತೆ. ಇದಕ್ಕೆ ಕೇಳಲ್ಲ.

ಈಗ ನನ್ನ ಕಥೆ. ನಮ್ಮ ಕಂಪನಿಗೆ ಬಂದ ಒಬ್ಬ ಗ್ರಾಹಕರದ್ದು ಆಫರ್, ಕೂಪನ್ ತೋರಿಸುವ ಆಪ್. ಬೇರೆ ಬೇರೆ ಶಾಪಿಂಗ್ ಸೈಟುಗಳು ಅದರೊಳಗೇ ತೆರೆಯಬೇಕಿತ್ತು. ಮೊದಲು ಕೇಳಿದ್ದು ನ್ಯಾಯವಾಗೇ ಇತ್ತು: ಕಾರ್ಟಿನ ಮೊತ್ತ ಓದಿ, ಸರಿಹೊಂದುವ ಕೂಪನ್ ತೋರಿಸಿ. ಬರೆದೆ. ಎರಡು ತಿಂಗಳಾದ ಮೇಲೆ, ಜನ ಏನೇನು ನೋಡ್ತಾರೆ ಅನ್ನೋದನ್ನೂ ನಮ್ಮ ಸರ್ವರಿಗೆ ಕಳಿಸಿ ಅಂದರು. ಕೊಂಡಿದ್ದಲ್ಲ, ನೋಡಿದ್ದು. ಒಟ್ಟು ನಲವತ್ತು ಸಾಲಿನ ಕೋಡು. ಒಂದು ಮಧ್ಯಾಹ್ನದ ಕೆಲಸ. ಟೆಸ್ಟ್ ಮಾಡುವಾಗ ಲಾಗ್ ಪರದೆಯಲ್ಲಿ ಸಾಲುಗಳು ಇಳೀತಾ ಇದ್ವು. ಟೆಸ್ಟಿಂಗ್ ಹುಡುಗ ಬೇಕಂತಲೇ ತಮಾಷೆಗೆ ಗರ್ಭಧಾರಣೆ ಪರೀಕ್ಷೆಯ ಕಿಟ್ ಹುಡುಕಿದ. ಅದೂ ಬಂತು. ನಾವಿಬ್ಬರೂ ನಕ್ಕೆವು. “ಪ್ರೈವಸಿ ಪಾಲಿಸಿಯಲ್ಲಿ ಇದೆಯಾ ಸರ್?” ಅಂತ ಮ್ಯಾನೇಜರನ್ನು ಕೇಳಿದೆ. ನಿಮ್ಮ ಅನುಭವವನ್ನು ಉತ್ತಮಪಡಿಸಲು ಮಾಹಿತಿ ಸಂಗ್ರಹಿಸುತ್ತೇವೆ ಅನ್ನೋ ಸಾಲು ಇದೆ, ಸಾಕು ಅಂದರು. ಸಾಕಾಯಿತು. ಆ ಶಾಪಿಂಗ್ ಸೈಟುಗಳಿಗೂ ಗೊತ್ತಾಗಲಿಲ್ಲ, ಬಳಸಿದವರಿಗೂ ಗೊತ್ತಾಗಲಿಲ್ಲ.

ಹತ್ತು ಹದಿನೈದು ಜನರ ಕಂಪನಿಯಲ್ಲಿ ಒಂದು ಮಧ್ಯಾಹ್ನಕ್ಕೆ ಆಗುವ ಕೆಲಸ ಇದು. ದೊಡ್ಡವರ ಮಾತು ಬೇರೆ.

ದೊಡ್ಡವರ ಕಥೆ ಹೊರಗೆ ಬಂದದ್ದು 2022ರ ಆಗಸ್ಟ್‌ನಲ್ಲಿ. ಫೆಲಿಕ್ಸ್ ಕ್ರೌಸ್ ಅಂತ ಒಬ್ಬ ಡೆವಲಪರ್, ಆಪ್ ಕಟ್ಟುವವರಿಗೆ ಫಾಸ್ಟ್‌ಲೇನ್ ಅನ್ನೋ ಉಪಕರಣದಿಂದ ಪರಿಚಿತ. ಐಫೋನಿನ ಇನ್‌ಸ್ಟಾಗ್ರಾಂ ಮತ್ತು ಫೇಸ್‌ಬುಕ್ ಆಪ್‌ಗಳು ತಮ್ಮೊಳಗೆ ತೆರೆಯುವ ಬೇರೆಯವರ ಪುಟಗಳಿಗೆ ತಮ್ಮ ಜಾವಾಸ್ಕ್ರಿಪ್ಟ್ ತೂರಿಸುತ್ತಿವೆ ಅಂತ ಅವರು ತೋರಿಸಿದರು. ಕೆಲವೇ ದಿನಗಳಲ್ಲಿ, ಯಾವ ಆಪ್ ಏನು ತೂರಿಸುತ್ತೆ ಅಂತ ಯಾರು ಬೇಕಾದರೂ ನೋಡಿಕೊಳ್ಳಬಹುದಾದ ಒಂದು ಪುಟವನ್ನೂ ಮಾಡಿಟ್ಟರು. ಟಿಕ್‌ಟಾಕ್‌ನದು ಎಲ್ಲಕ್ಕಿಂತ ಗಾಬರಿ ಹುಟ್ಟಿಸುವಂಥದ್ದು: ಒಳಗೆ ತೆರೆದ ಪುಟದಲ್ಲಿ ನೀವು ಒತ್ತುವ ಪ್ರತಿ ಕೀಲಿಯನ್ನೂ, ಪ್ರತಿ ಸ್ಪರ್ಶವನ್ನೂ ಗಮನಿಸಬಲ್ಲ ಕೋಡ್ ಅದರಲ್ಲಿತ್ತು. ಹೊರಗಿನ ಬ್ರೌಸರಿನಲ್ಲಿ ತೆರೆಯುವ ಆಯ್ಕೆಯನ್ನೂ ಆಗ ಅದು ಕೊಟ್ಟಿರಲಿಲ್ಲ.

ಇಲ್ಲಿ ಎಚ್ಚರದಿಂದ ಮಾತಾಡಬೇಕು, ಯಾಕಂದ್ರೆ ವಾಟ್ಸಾಪ್ ಫಾರ್ವರ್ಡ್‌ಗಳಲ್ಲಿ ಇದು “ಇನ್‌ಸ್ಟಾಗ್ರಾಂ ನಿಮ್ಮ ಪಾಸ್‌ವರ್ಡ್ ಕದಿಯುತ್ತೆ” ಅಂತಾಗಿ ಓಡಾಡಿತು. ಕ್ರೌಸ್ ಹಾಗೆ ಹೇಳಲಿಲ್ಲ. ಕೋಡ್ ಇದೆ, ಅದು ಇಷ್ಟನ್ನು ಮಾಡಬಲ್ಲದು ಅಂದರು. ಮಾಹಿತಿಯನ್ನು ನಿಜವಾಗಿ ಸಂಗ್ರಹಿಸಿ ಕಳಿಸುತ್ತಿದ್ದಾರೆ ಅಂತ ಅವರು ಸಾಬೀತು ಮಾಡಲಿಲ್ಲ, ಮಾಡಿದ್ದೇನೆ ಅಂತಲೂ ಹೇಳಿಕೊಳ್ಳಲಿಲ್ಲ. ಮೆಟಾ ಕೊಟ್ಟ ಉತ್ತರ, ಟ್ರ್ಯಾಕಿಂಗ್ ಬೇಡ ಅಂದವರ ಆಯ್ಕೆಯನ್ನು ಗೌರವಿಸೋಕೇ ಈ ಕೋಡ್ ಬೇಕು ಅಂತ. ಟಿಕ್‌ಟಾಕ್ ಕೋಡ್ ಇರೋದನ್ನು ಒಪ್ಪಿಕೊಂಡಿತು. ದೋಷ ಪತ್ತೆಗೆ, ವೇಗ ಅಳೆಯೋಕೆ ಮಾತ್ರ, ಟೈಪ್ ಮಾಡಿದ್ದನ್ನು ಸಂಗ್ರಹಿಸಲ್ಲ ಅಂತು. ಇರಬಹುದು. ಆದರೆ ನನ್ನ ನಲವತ್ತು ಸಾಲುಗಳ ಅನುಭವದಿಂದ ಹೇಳ್ತೀನಿ: ಇವತ್ತು ಕಾರ್ಟಿನ ಮೊತ್ತ ಓದುವ ಕೋಡು, ನಾಳೆ ಹುಡುಕಿದ್ದನ್ನೆಲ್ಲ ಓದುವ ಕೋಡಾಗೋಕೆ ಬೇಕಿರೋದು ಒಂದು ಮೀಟಿಂಗು. ಜೊತೆಗೆ ಕ್ರೌಸ್ ಇನ್ನೊಂದು ಮಾತನ್ನೂ ಬರೆದಿದ್ದರು. ಐಒಎಸ್ 14.3ರ ನಂತರ ಆಪ್‌ಗಳು ತಮ್ಮ ಕೋಡನ್ನು ಪುಟದ ಕಣ್ಣಿಗೆ ಬೀಳದ ಪ್ರತ್ಯೇಕ ಜಾಗದಲ್ಲಿ ಓಡಿಸಬಹುದು, ಹಾಗೆ ಓಡಿಸಿದರೆ ಅವರ ಉಪಕರಣಕ್ಕೂ ಅದು ಕಾಣಲ್ಲ. ಅಂದ್ರೆ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ ಅಂದಮಾತ್ರಕ್ಕೆ ಒಳಗೆ ಏನೂ ಇಲ್ಲ ಅಂತಲ್ಲ.

ಟಿಕ್‌ಟಾಕ್ ಸುದ್ದಿ ಬಂದಾಗ ನಮ್ಮಲ್ಲಿ ಅನೇಕರು ಎದೆ ಉಬ್ಬಿಸಿದ್ದು ನೆನಪಿದೆ. 2020ರ ಜೂನ್ 29ರಂದೇ ನಾವು 59 ಚೀನೀ ಆಪ್‌ಗಳನ್ನು ನಿಷೇಧಿಸಿದ್ದೆವಲ್ಲ! ಚೀನಾದ ಆಪ್ ಮಾಡಿದರೆ ದೇಶದ್ರೋಹ, ಅಮೆರಿಕದ ಆಪ್ ಮಾಡಿದರೆ ಬಿಸಿನೆಸ್ಸು. ಅದೇ ವಾರ ಅದೇ ವ್ಯಕ್ತಿ ಇನ್‌ಸ್ಟಾಗ್ರಾಂ ಬಗ್ಗೆ ಬರೆದದ್ದು ನಮ್ಮ ಟಿವಿಗಳ ಚರ್ಚೆಗೆ ಬರಲಿಲ್ಲ.

ಯಾಕೆ ಇಷ್ಟೊಂದು ಆಸೆ ಅಂತ ಕೇಳಿದರೆ, ದುಡ್ಡಿನ ದಾರಿ ಹಿಡಿದು ಹೋಗಬೇಕು. 2021ರ ಏಪ್ರಿಲ್‌ನಲ್ಲಿ ಆಪಲ್ ಐಒಎಸ್ 14.5 ಬಿಟ್ಟಿತು. ಬೇರೆ ಆಪ್, ಬೇರೆ ಸೈಟುಗಳಲ್ಲಿ ನಿಮ್ಮನ್ನು ಹಿಂಬಾಲಿಸಬೇಕು ಅಂದ್ರೆ ಆಪ್ ಮೊದಲು ನಿಮ್ಮನ್ನು ಕೇಳಲೇಬೇಕು ಅನ್ನೋ ನಿಯಮ ಬಂತು. ಅದರಿಂದ 2022ರಲ್ಲಿ ತನ್ನ ಆದಾಯಕ್ಕೆ ಸುಮಾರು 1,000 ಕೋಟಿ ಡಾಲರ್ ಹೊಡೆತ ಬೀಳುತ್ತೆ ಅಂತ ಮೆಟಾ ಹೂಡಿಕೆದಾರರಿಗೆ ಹೇಳಿತು. ಸಫಾರಿ, ಫೈರ್‌ಫಾಕ್ಸ್‌ಗಳು ಆ ಹೊತ್ತಿಗಾಗಲೇ ಮೂರನೆಯವರ ಕುಕಿಗಳನ್ನು ತಡೆಯತೊಡಗಿದ್ದವು. ಹೊರಗಿನ ಬಾಗಿಲುಗಳು ಒಂದೊಂದೇ ಮುಚ್ಚುತ್ತಿರುವಾಗ, ಜನರನ್ನು ತನ್ನ ಮನೆಯೊಳಗೇ ಕೂರಿಸಿಕೊಂಡು ಜಗತ್ತು ತೋರಿಸುವ ಕಿಟಕಿ ಎಷ್ಟು ಬೆಲೆಬಾಳುತ್ತೆ ಲೆಕ್ಕ ಹಾಕಿ. 2022ರ ಸೆಪ್ಟೆಂಬರ್‌ನಲ್ಲಿ ಮೆಟಾ ಇನ್ನೂ ಮುಂದೆ ಹೋಗಿ, ಆಂಡ್ರಾಯ್ಡ್ ಫೇಸ್‌ಬುಕ್ ಆಪ್‌ಗೆ ಕ್ರೋಮಿಯಂ ಆಧರಿಸಿದ ತನ್ನದೇ ವೆಬ್‌ವ್ಯೂ ಎಂಜಿನ್ ತರ್ತೀವಿ ಅಂತ ಪ್ರಕಟಿಸಿತು. ಕೊಟ್ಟ ಕಾರಣ ಭದ್ರತೆ, ಸ್ಥಿರತೆ, ವೇಗ. ಜನ ಫೋನಿನ ವೆಬ್‌ವ್ಯೂ ಅಪ್‌ಡೇಟ್ ಮಾಡಲ್ಲ, ನಾವೇ ಮಾಡ್ತೀವಿ ಅಂತ. ಸುಳ್ಳಲ್ಲ. ಹಳೇ ಫೋನುಗಳಲ್ಲಿ ಅದು ನಿಜವಾದ ಸಮಸ್ಯೆಯೇ.

ಆದರೆ ಭದ್ರತೆಯೇ ಗುರಿಯಾಗಿದ್ದರೆ ಅದಕ್ಕಿಂತ ಸುಲಭದ ದಾರಿ 2015ರಿಂದಲೇ ಇದೆ. ಆ ವರ್ಷ ಗೂಗಲ್ ಕ್ರೋಮ್ ಕಸ್ಟಮ್ ಟ್ಯಾಬ್ಸ್ ತಂದಿತು, ಆಪಲ್ ಐಒಎಸ್ 9ರ ಜೊತೆ ಸಫಾರಿ ವ್ಯೂ ಕಂಟ್ರೋಲರ್ ತಂದಿತು. ಎರಡರಲ್ಲೂ ಪುಟ ಆಪ್ ಬಿಟ್ಟು ಹೋದಂತೆ ಅನಿಸಲ್ಲ, ಮೇಲಿಂದ ಜಾರಿ ಬರುತ್ತೆ, ಮುಚ್ಚಿದರೆ ವಾಪಸ್ ಆಪ್‌ಗೇ ಬರ್ತೀರಿ. ಆದರೆ ಒಳಗಿರೋದು ನಿಜವಾದ ಬ್ರೌಸರು. ಆಪ್‌ಗೆ ಆ ಪುಟದೊಳಗೆ ಇಣುಕೋಕೆ ಆಗಲ್ಲ. ಬಳಕೆದಾರರ ಸುಖಕ್ಕಾಗಿ ಒಳಗೇ ತೆರೆಯುತ್ತೇವೆ ಅನ್ನುವವರಿಗೆ ಇದರಲ್ಲಿ ಯಾವ ಕೊರತೆಯೂ ಇಲ್ಲ. ಕೊರತೆ ಒಂದೇ, ಇಣುಕೋಕಾಗಲ್ಲ.

ಗೂಗಲ್‌ನ ನಡೆ ಇನ್ನೂ ಚೆನ್ನಾಗಿದೆ. ಬೇರೆ ಆಪ್‌ಗಳ ವೆಬ್‌ವ್ಯೂ ಒಳಗೆ ಗೂಗಲ್ ಲಾಗಿನ್ ಮಾಡೋದನ್ನು ಅದು 2016ರಲ್ಲಿ ನಿಲ್ಲಿಸ್ತೀವಿ ಅಂತ ಘೋಷಿಸಿ, 2017ರಿಂದ ತಡೆಯತೊಡಗಿತು. ಪಾಸ್‌ವರ್ಡ್ ಟೈಪ್ ಮಾಡುವ ಪುಟವನ್ನು ಇನ್ನೊಬ್ಬರ ಕಿಟಕಿಯಲ್ಲಿ ತೆರೆಯೋದು ಸುರಕ್ಷಿತ ಅಲ್ಲ ಅಂತ. ಇಂಟರ್ನೆಟ್ಟಿನ ತಾಂತ್ರಿಕ ಮಾನದಂಡಗಳನ್ನು ರೂಪಿಸುವ ಐಇಟಿಎಫ್ ಕೂಡ 2017ರ ಆರ್‌ಎಫ್‌ಸಿ 8252ರಲ್ಲಿ ಇದನ್ನೇ ಹೇಳಿದೆ: ಆಪ್‌ಗಳು ಇಂಥ ಲಾಗಿನ್‌ಗೆ ಒಳಗಿನ ಕಿಟಕಿ ಬಳಸಬಾರದು, ಹೊರಗಿನ ಬ್ರೌಸರನ್ನೇ ಬಳಸಬೇಕು. ಗೂಗಲ್ ತನ್ನ ಪಾಸ್‌ವರ್ಡಿಗೆ ಒಪ್ಪದ ಕಿಟಕಿಯಲ್ಲಿ ನನ್ನ ತಂಗಿ ಆಧಾರ್ ನಂಬರು ಟೈಪ್ ಮಾಡುತ್ತಾ ಕೂತಿದ್ದಳು. ಅವಳ ಪರವಾಗಿ ತಡೆಯುವವರು ಯಾರೂ ಇರಲಿಲ್ಲ.

ಹಾಗಾದರೆ ಕ್ರೋಮಲ್ಲಿ ತೆರೆದರೆ ಎಲ್ಲ ಸರಿಯಾಯಿತಾ? ನಾನೂ ಹಾಗೇ ಹೇಳಿಕೊಂಡು ತಿರುಗುತ್ತಿದ್ದೆ. 2025ರ ಜೂನ್‌ನಲ್ಲಿ ಯುರೋಪಿನ ಸಂಶೋಧಕರ ಒಂದು ತಂಡ ಆ ಭ್ರಮೆಯನ್ನೂ ತೆಗೆಯಿತು. ಆಂಡ್ರಾಯ್ಡ್ ಫೋನಿನಲ್ಲಿರುವ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಆಪ್‌ಗಳು ಹಿನ್ನೆಲೆಯಲ್ಲಿ ಫೋನಿನ ಒಳದಾರಿಯೊಂದಕ್ಕೆ ಕಿವಿಗೊಟ್ಟು ಕೂತಿದ್ದವು. ನೀವು ಕ್ರೋಮಲ್ಲಿ ಯಾವುದೋ ಸುದ್ದಿತಾಣ ತೆರೆಯುತ್ತೀರಿ, ಅದರಲ್ಲಿ ಮೆಟಾ ಪಿಕ್ಸೆಲ್ ಅನ್ನೋ ಟ್ರ್ಯಾಕಿಂಗ್ ಕೋಡ್ ಇರುತ್ತೆ, ಆ ಕೋಡು ಅದೇ ಫೋನಿನಲ್ಲಿ ಕಿವಿಗೊಟ್ಟು ಕೂತ ಆಪ್‌ಗೆ ಗುಟ್ಟಾಗಿ ಗುರುತು ದಾಟಿಸುತ್ತಿತ್ತು. ಇನ್‌ಕಾಗ್ನಿಟೋದಲ್ಲಿ ಇದ್ದರೂ ಅಷ್ಟೇ. ಬ್ರೌಸರಿನಲ್ಲಿ ಹೆಸರಿಲ್ಲದೆ ಓಡಾಡುತ್ತಿದ್ದೀನಿ ಅಂದುಕೊಂಡವರು ಹೆಸರು ಸಮೇತ ಸಿಕ್ಕಿಬೀಳುತ್ತಿದ್ದರು. ರಷ್ಯಾದ ಯಾಂಡೆಕ್ಸ್ ಇಂಥದ್ದನ್ನೇ 2017ರಿಂದ ಮಾಡುತ್ತಿತ್ತು, ಮೆಟಾ 2024ರ ಸೆಪ್ಟೆಂಬರಿನಿಂದ. ಸಂಶೋಧನೆ ಹೊರಬಂದ ಹೊತ್ತಿಗೇ ಮೆಟಾ ಅದನ್ನು ನಿಲ್ಲಿಸಿತು. 2022ರಲ್ಲಿ “ನಿಮ್ಮ ಆಯ್ಕೆಯನ್ನು ಗೌರವಿಸೋಕೆ” ಅಂದಿದ್ದ ಕಂಪನಿಯೇ ಇದು. ಇದಾದ ಮೇಲೆ ಆ ಉತ್ತರವನ್ನು ನಂಬೋದು ನನಗೆ ಕಷ್ಟ.

ಇಲ್ಲೊಂದು ನಾಚಿಕೆಯ ಮಾತು. ಆ ಪಿಕ್ಸೆಲ್ ಕೋಡನ್ನು ಸೈಟಿಗೆ ಹಾಕೋದು ಸೈಟಿನವರೇ. ನಮ್ಮ ಸುದ್ದಿತಾಣಗಳೂ ಸಾಧುಗಳೇನಲ್ಲ. ಓದುಗರ ಸಂಖ್ಯೆ ಅಳೆಯೋಕೆ, ನಾಲ್ಕು ಜಾಹೀರಾತು ಸಿಗಲಿ ಅಂತ, ಏನಿದೆ ಅಂತ ನೋಡದೆ ಕೋಡ್ ಅಂಟಿಸಿಕೊಳ್ಳುವ ಅಭ್ಯಾಸ ನಮ್ಮ ಕ್ಷೇತ್ರಕ್ಕಿದೆ. ಕಾರ್ಪೊರೇಟ್ ಕಣ್ಗಾವಲಿನ ವಿರುದ್ಧ ಬರೆದ ಲೇಖನದ ಅಡಿಯಲ್ಲೇ ಆ ಕಣ್ಣು ಮಿಟುಕುತ್ತಿರುತ್ತೆ.

ಇದರಲ್ಲಿ ರಾಜಕೀಯ ಎಲ್ಲಿದೆ ಅಂತ ಕೇಳುವವರಿಗೆ: ನೀವು ಯಾವ ಕಾರ್ಮಿಕ ಸಂಘದ ಮನವಿಗೆ ಸಹಿ ಹಾಕಿದಿರಿ, ಯಾವ ಹೋರಾಟದ ಪುಟವನ್ನು ಎಷ್ಟು ಹೊತ್ತು ಓದಿದಿರಿ, ದೇಣಿಗೆ ಕೊಡುವ ಪುಟದಲ್ಲಿ ಮೊದಲು ಎಷ್ಟು ಬರೆದು ಆಮೇಲೆ ಎಷ್ಟಕ್ಕೆ ಇಳಿಸಿದಿರಿ, ಅಂತರ್ಜಾತಿ ಮದುವೆಯ ನೋಂದಣಿ ಹೇಗೆ ಅಂತ ಯಾವಾಗ ಹುಡುಕಿದಿರಿ, ಇದೆಲ್ಲ ಒಂದು ಲೈಕ್‌ಗಿಂತ ಎಷ್ಟೋ ಪಾಲು ನಿಮ್ಮನ್ನು ಬಯಲು ಮಾಡುತ್ತೆ. ಲೈಕು ನೀವು ಲೋಕಕ್ಕೆ ತೋರಿಸೋದು, ಓದು ನಿಮ್ಮೊಳಗಿನದ್ದು. ಕೇಂಬ್ರಿಡ್ಜ್ ಅನಲಿಟಿಕಾ ಹಗರಣದಲ್ಲಿ 8.7 ಕೋಟಿ ಜನರ ಮಾಹಿತಿ ಸೋರಿರಬಹುದು ಅಂತ 2018ರಲ್ಲಿ ಫೇಸ್‌ಬುಕ್ಕೇ ಒಪ್ಪಿಕೊಂಡಿತು, ಅದರಲ್ಲಿ 5.62 ಲಕ್ಷ ಭಾರತೀಯರಿದ್ದರು. ಜನರ ಪ್ರೊಫೈಲು, ಅವರು ಲೈಕ್ ಮಾಡಿದ ಪುಟಗಳು, ಗೆಳೆಯರ ಪಟ್ಟಿ, ಅದರಿಂದ ಸಿಗುವಂಥದ್ದರ ಮೇಲೆಯೇ ಅಷ್ಟು ದೊಡ್ಡ ವ್ಯವಹಾರ ನಿಂತಿತ್ತು. ಓದುವ ಕಿಟಕಿಯಿಂದ ಸಿಗುವುದು ಅದಕ್ಕಿಂತ ಒಳಗಿನ ಪದರ.

ಇನ್ನೊಂದು ಮುಖವೂ ಇದೆ, ಅದು ನಮ್ಮಂಥ ಸಣ್ಣ ತಾಣಗಳ ಹೊಟ್ಟೆಪಾಡಿನದ್ದು. ಒಳಗಿನ ಕಿಟಕಿಯಲ್ಲಿ ಓದುವವರು ನಮ್ಮ ತಾಣಕ್ಕೆ ಬಂದಹಾಗೂ ಹೌದು, ಬರದ ಹಾಗೂ ಹೌದು. ಚಂದಾದಾರರಾಗಿದ್ದರೂ ಅಲ್ಲಿ ಲಾಗಿನ್ ಆಗಿರೋಲ್ಲ, ಪಾಸ್‌ವರ್ಡ್ ಯಾರಿಗೆ ನೆನಪಿರುತ್ತೆ? ಲೇಖನ ಮುಗಿಸಿ ಇನ್ನೊಂದು ಓದೋಣ ಅನ್ನುವಷ್ಟರಲ್ಲಿ ಬೆರಳು ಹಿಂದೆ ಜಾರಿದರೆ ಸೀದಾ ರೀಲ್ಸಿಗೆ. ಪುಟವನ್ನು ಬುಕ್‌ಮಾರ್ಕ್ ಮಾಡಿಟ್ಟುಕೊಳ್ಳೋಕಾಗಲ್ಲ, ನಾಳೆ ಹುಡುಕಿದರೆ ಬ್ರೌಸರಿನ ಹಿಸ್ಟರಿಯಲ್ಲಿ ಸಿಗಲ್ಲ. ಇನ್‌ಸ್ಟಾಗ್ರಾಂ ಪೋಸ್ಟಿನ ಬರಹದಲ್ಲಿ ಲಿಂಕ್ ಹಾಕಿದರೆ ಅದು ಒತ್ತಿದರೂ ತೆರೆಯಲ್ಲ, ಹಾಗಾಗಿಯೇ ಎಲ್ಲರೂ “ಲಿಂಕ್ ಬಯೋದಲ್ಲಿದೆ” ಅಂತ ಜಪ ಮಾಡೋದು. 2024ರ ನವೆಂಬರ್‌ನಲ್ಲಿ ಎಕ್ಸ್‌ನ ಮಸ್ಕ್, ಲಿಂಕನ್ನು ಪೋಸ್ಟಿನಲ್ಲಿ ಹಾಕಬೇಡಿ, ಕೆಳಗೆ ಉತ್ತರದಲ್ಲಿ ಹಾಕಿ ಅಂದರು. ಹಿಂದೆ 2015ರಲ್ಲಿ ಫೇಸ್‌ಬುಕ್ ಇನ್‌ಸ್ಟಂಟ್ ಆರ್ಟಿಕಲ್ಸ್ ಅಂತ ತಂದು, ನಿಮ್ಮ ಲೇಖನಗಳನ್ನು ನಮ್ಮೊಳಗೇ ಪ್ರಕಟಿಸಿ, ಬೇಗ ತೆರೆಯುತ್ತೆ ಅಂತ ಪತ್ರಿಕೆಗಳನ್ನು ಕರೆಯಿತು. ಹೋದವರು ಹೋದರು. 2023ರ ಏಪ್ರಿಲ್‌ನಲ್ಲಿ ಅದನ್ನು ಮುಚ್ಚಿತು. ಅಷ್ಟೇ.

ಒಂದು ಕಾಲಕ್ಕೆ ನಮ್ಮ ತಲೆಮಾರು ಇಂಥದ್ದನ್ನು ಗುರುತಿಸಿ ಬೀದಿಗೆ ತಂದಿತ್ತು. ಫ್ರೀ ಬೇಸಿಕ್ಸ್ ನೆನಪಿದೆಯಾ? ಬಡವರಿಗೆ ಉಚಿತ ಇಂಟರ್ನೆಟ್ ಅಂತ ಫೇಸ್‌ಬುಕ್ ಕೊಡಲು ಬಂದದ್ದು ತಾನು ಆರಿಸಿದ ಕೆಲವು ಸೈಟುಗಳನ್ನು. ಆಗ ನಾನು ಕಾಲೇಜಿನಲ್ಲಿದ್ದೆ, ಟ್ರಾಯ್‌ಗೆ ಇಮೇಲ್ ಕಳಿಸಿದ ಲಕ್ಷಾಂತರ ಜನರಲ್ಲಿ ನಾನೂ ಒಬ್ಬ. 2016ರ ಫೆಬ್ರವರಿ 8ರಂದು ಟ್ರಾಯ್ ಅಂಥ ತಾರತಮ್ಯದ ದರಗಳನ್ನು ನಿಷೇಧಿಸಿದಾಗ ಹಾಸ್ಟೆಲಿನಲ್ಲಿ ಬನ್ನು, ಚಹಾ ಹಂಚಿದ್ದೆವು. ಗೆದ್ದೆವು ಅಂದುಕೊಂಡೆವು. ಅವತ್ತು ಮುಂಬಾಗಿಲಿನಿಂದ ಹೊರಗೆ ಹಾಕಿದ್ದು ಈಗ ಕಿಟಕಿಯಾಗಿ ಕೂತಿದೆ. ಈ ಸಲ ಯಾವ ಸೈಟನ್ನೂ ತಡೆದಿಲ್ಲ, ಎಲ್ಲವನ್ನೂ ತೋರಿಸುತ್ತೆ. ಅದಕ್ಕೇ ಕಣ್ಣಿಗೆ ಬೀಳ್ತಿಲ್ಲ.

ಕಾನೂನು ಏನು ಹೇಳುತ್ತೆ? ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣಕ್ಕೆ ಹೆಸರು ಕೊಟ್ಟವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ ಆಧಾರ್ ವಿರುದ್ಧ ಕೋರ್ಟಿಗೆ ಹೋದವರು. ಆ ತೀರ್ಪಿನ ಫಲವಾಗಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಯ ಅಂಕಿತ ಬಿತ್ತು. ನಿಯಮಗಳು ಬರೋಕೆ 2025ರ ನವೆಂಬರ್ ಆಯಿತು. ಕಂಪನಿಗಳ ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರೋಕೆ ಅಲ್ಲಿಂದ ಇನ್ನೂ 18 ತಿಂಗಳು. ಸರ್ಕಾರ ತಾನು ಸೂಚಿಸಿದ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳಬಹುದು. ಮಾಹಿತಿ ಹಕ್ಕಿನ 8(1)(ಜೆ)ಯನ್ನು ಇದೇ ಕಾಯ್ದೆಯಿಂದ ಮೊಂಡು ಮಾಡಿದ್ದು ಇನ್ನೊಂದು ರಗಳೆ, ಅದರ ಬಗ್ಗೆ ಬೇರೆಯೇ ಬರೀಬೇಕು.

ಆದರೂ ಈ ಕಾಯ್ದೆಯಲ್ಲಿ ಹಿಡಿದುಕೊಳ್ಳೋಕೆ ಎರಡು ಕೊಂಬೆಗಳಿವೆ. ಒಂದು, ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಮತ್ತು ಆ ಕೋರಿಕೆಯನ್ನು ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು. ಅಂದ್ರೆ ಕನ್ನಡದಲ್ಲಿ. “ನೀವು ಈಗ ತೆರೆಯುತ್ತಿರುವುದು ಬೇರೆಯವರ ಪುಟ, ಅದಕ್ಕೆ ನಮ್ಮ ಕೋಡ್ ಸೇರಿಸುತ್ತಿದ್ದೇವೆ, ಒಪ್ಪಿಗೆಯೇ?” ಅಂತ ಕನ್ನಡದಲ್ಲಿ ಕೇಳಲಿ ನೋಡೋಣ, ಎಷ್ಟು ಜನ ಹೂಂ ಅಂತಾರೆ. ಎರಡನೆಯದ್ದು ಒಂಬತ್ತನೇ ಸೆಕ್ಷನ್: 18 ವರ್ಷದೊಳಗಿನವರ ನಡವಳಿಕೆಯ ಮೇಲೆ ಕಣ್ಣಿಡಬಾರದು, ಅವರನ್ನು ಹಿಂಬಾಲಿಸಬಾರದು, ಗುರಿಯಿಟ್ಟು ಜಾಹೀರಾತು ತೋರಿಸಬಾರದು. ನನ್ನ ತಂಗಿಗೆ ಹದಿನೇಳು. ಸರ್ಕಾರಿ ಪೋರ್ಟಲ್ಲಿನಲ್ಲಿ ಅವಳು ತುಂಬಿದ ಮಾಹಿತಿಗೆ ಪೋರ್ಟಲ್ಲು ಹೊಣೆ ಅನ್ನೋದು ಸ್ಪಷ್ಟ. ಆ ಪೋರ್ಟಲ್ಲನ್ನು ಸುತ್ತುವರಿದ ಕಿಟಕಿಯಲ್ಲಿ ಏನಾದರೂ ಓದಿಕೊಂಡರೆ ಅದಕ್ಕೆ ಯಾರು ಹೊಣೆ ಅಂತ ಕಾಯ್ದೆಯಲ್ಲಿ ಬೇರೆಯಾಗಿ ಬರೆದಿಲ್ಲ. ದತ್ತಾಂಶ ಸಂರಕ್ಷಣಾ ಮಂಡಳಿಯ ಮುಂದೆ ಯಾರಾದರೂ ಈ ಪ್ರಶ್ನೆ ಒಯ್ಯಬೇಕು. ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು, ಹಾಗಾಗಿ ಕೇಳಿದರೆ ಉತ್ತರ ಕೊಡ್ತಾರೆ.

ಸ್ಪರ್ಧೆಯ ಕಾನೂನಿನಿಂದಲೂ ಇದನ್ನು ನೋಡಬಹುದು. ಯುರೋಪಿನಲ್ಲಿ 2024ರ ಮಾರ್ಚ್‌ನಿಂದ ಐಫೋನು ಜನರಿಗೆ ಯಾವ ಬ್ರೌಸರ್ ಬೇಕು ಅಂತ ಕೇಳಲೇಬೇಕಾಯಿತು. ನಮ್ಮ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಆಂಡ್ರಾಯ್ಡ್ ವಿಚಾರದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಒಳ್ಳೆಯದೇ. ಆದರೆ ಫೈರ್‌ಫಾಕ್ಸ್ ಆರಿಸಿಕೊಂಡ ಒಬ್ಬ ವ್ಯಕ್ತಿ ದಿನದಲ್ಲಿ ಒತ್ತುವ ಲಿಂಕುಗಳಲ್ಲಿ ಹೆಚ್ಚಿನವು ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಒಳಗಿದ್ದರೆ ಆ ಆಯ್ಕೆ ಯಾವ ಲೆಕ್ಕಕ್ಕೆ? ಫೋನಿನ ಸೆಟ್ಟಿಂಗಿನಲ್ಲಿ ನಾನು ಒಮ್ಮೆ ಹೇಳಿದ ಮೇಲೆ ಪ್ರತಿ ಆಪೂ ಅದನ್ನು ಕೇಳಬೇಕು. ಬೇರೆಯವರ ಪುಟವನ್ನು ಒಳಗೇ ತೋರಿಸಲೇಬೇಕು ಅಂದ್ರೆ ಕಸ್ಟಮ್ ಟ್ಯಾಬ್ಸ್‌ನಂಥ, ಇಣುಕಲಾಗದ ಕಿಟಕಿಯನ್ನೇ ಬಳಸಬೇಕು. ಇದನ್ನು ಕಡ್ಡಾಯ ಮಾಡೋಕೆ ಹೊಸ ತಂತ್ರಜ್ಞಾನ ಬೇಕಿಲ್ಲ. ಪ್ಲೇಸ್ಟೋರ್ ಮತ್ತು ಆಪ್‌ಸ್ಟೋರ್‌ನ ನಿಯಮಗಳಲ್ಲಿ ಒಂದು ಪ್ಯಾರಾ ಸಾಕು.

ಅಲ್ಲಿವರೆಗೆ ಮಾಡಬಹುದಾದದ್ದು ಚಿಲ್ಲರೆ ಕೆಲಸ. ಇನ್‌ಸ್ಟಾಗ್ರಾಂ ಒಳಗೆ ಪುಟ ತೆರೆದಾಗ ಮೇಲಿನ ಮೂರು ಚುಕ್ಕಿ ಒತ್ತಿದರೆ ಹೊರಗಿನ ಬ್ರೌಸರಿನಲ್ಲಿ ತೆರೆಯುವ ಆಯ್ಕೆ ಸಿಗುತ್ತೆ. ಕೆಲವು ಆಪ್‌ಗಳ ಸೆಟ್ಟಿಂಗಿನಲ್ಲಿ ಲಿಂಕುಗಳೆಲ್ಲ ಹೊರಗೇ ತೆರೆಯಲಿ ಅಂತ ಒಮ್ಮೆಗೇ ಹೇಳಿಡಬಹುದು, ಆದರೆ ಹುಡುಕಬೇಕು, ಆಳದಲ್ಲಿ ಹೂತಿಟ್ಟಿರುತ್ತಾರೆ. ಫಾರಂ ತುಂಬೋದು, ದುಡ್ಡು ಕಟ್ಟೋದು, ಪಾಸ್‌ವರ್ಡ್ ಹೊಡೆಯೋದು ಮಾತ್ರ ಒಳಗಿನ ಕಿಟಕಿಯಲ್ಲಿ ಬೇಡವೇ ಬೇಡ.

ಅವತ್ತು ರಾತ್ರಿ ತಂಗಿಗೆ ಇಷ್ಟನ್ನೂ ವಿಡಿಯೋ ಕಾಲಿನಲ್ಲಿ ತೋರಿಸಿದೆ. ಕ್ರೋಮಿನಲ್ಲಿ ಫಾರಂ ಮತ್ತೆ ಮೊದಲಿನಿಂದ ತುಂಬಿ ಮುಗಿಸುವಾಗ ಹನ್ನೆರಡಾಗಿತ್ತು. ರೂಮ್‌ಮೇಟ್ ಇಬ್ಬರು ಪಕ್ಕಕ್ಕೆ ಬಂದು ಕೂತು ತಮ್ಮ ಫೋನಲ್ಲೂ ಮೂರು ಚುಕ್ಕಿ ಎಲ್ಲಿದೆ ಅಂತ ಹುಡುಕ್ತಿದ್ದರು. ನಾನು ಹಳೇ ಕಂಪನಿಯ ಕಥೆಯನ್ನೂ ಹೇಳಿದ್ದೆ, ನಲವತ್ತು ಸಾಲಿನದ್ದು. ಎಲ್ಲ ಕೇಳಿಸಿಕೊಂಡು ಕೊನೆಗೆ ಕೇಳಿದಳು, “ಅಣ್ಣ, ನೀನು ಬರೆದ ಕೋಡು ಈಗ್ಲೂ ಅದ್ರಲ್ಲಿ ಇದೆಯಾ?”

ಫೋನಿಟ್ಟ ಮೇಲೆ ಪ್ಲೇಸ್ಟೋರ್ ತೆರೆದು ನೋಡಿದೆ. ಆಪ್ ಇನ್ನೂ ಇದೆ. ಹಿಂದಿನ ವಾರವಷ್ಟೇ ಅಪ್‌ಡೇಟ್ ಆಗಿತ್ತು.